ಮಣ್ಣಿನ ಬಟ್ಟಲಿಗೆ ಬಿಳಿಯ ಮೆರುಗು

ನಮ್ಮ ಶಾಲೆಯ ಪೂರ್ವ ವಿದ್ಯಾರ್ಥಿನಿಯರೂ ಪೋಷಕ ಮಹಾಶಯರೂ ಕೂಡಿಸಿಕೊಟ್ಟ ಹಣದಿಂದ ಮೂರು ವರ್ಷಗಳ ಕೆಳಗೆ ಕೈಕೆಲಸದ ಕೊಠಡಿಯಲ್ಲಿ ಒಂದು ಸಣ್ಣ ವಿದ್ಯುತ್ ಕುಲುಮೆಯನ್ನು ಇರಿಸಿದ ಸಂಗತಿಯು ತಮಗೆಲ್ಲರಿಗೂ ನೆನಪಿರಬಹುದು. ಅದರಿಂದ ಏನಾಯಿತೆಂದು ಕೇಳುವ ಹಕ್ಕು ತಮಗುಂಟು, ಕೇಳಿದವರೂ ಉಂಟು. ಮದ್ದೂರಿನ ತಂದೆಯೊಬ್ಬರು, “ಓದುವ ಹುಡುಗಿಯರಿಗೆ ಮಡಕೆ ಮಾಡುವ ಕೆಲಸವೇತಕ್ಕೆ, ಅಮ್ಮನವರೇ?” ಎಂದು ನಮ್ಮ ಎದುರಿಗೇ ಕೇಳಿದರು. ಆ ದಿನ ಅವರಿಗೆ ತಕ್ಕ ಉತ್ತರವನ್ನು ಕೊಡಲು ನಮ್ಮಿಂದಾಗಲಿಲ್ಲ. ಮಡಕೆ ಮಾಡುವ ಕೆಲಸದಲ್ಲಿ ಎಷ್ಟು ಓದು ಅಡಗಿದೆಯೆಂಬುದು ಆಗ ನಮಗೇ ಗೊತ್ತಿರಲಿಲ್ಲ. ಈ ಎರಡು ವರ್ಷಗಳಲ್ಲಿ ಒಂದು ಬಟ್ಟಲು ನಮಗೆ ಅದನ್ನು ಕಲಿಸಿತು. ಕಲಿತದ್ದನ್ನು ಇಲ್ಲಿ ಬರೆಯುತ್ತೇವೆ.

ಮಳವಳ್ಳಿ ಕಡೆಯ ಕುಂಬಾರ ಮನೆತನದ ಬಾಲಿಕೆಯೊಬ್ಬಳು ಒಂಬತ್ತನೆಯ ತರಗತಿಯಲ್ಲಿದ್ದಾಗ, ತಾತನ ತಿಗರಿಯ ಮೇಲೆ ತಾನೇ ತಿರುಗಿಸಿದ ಆರು ಮೊಸರು ಬಟ್ಟಲುಗಳನ್ನು ಶಾಲೆಗೆ ತಂದಳು. ಮಣ್ಣು ಅವರ ಊರಿನ ಕೆರೆಯಂಗಳದ್ದು. ಸುಟ್ಟರೆ ಒಳ್ಳೆಯ ಕಾವಿಯ ಕೆಂಪು. ಮಂಡ್ಯದ ಅಂಗಡಿಯವರೊಬ್ಬರು, ಪಿಂಗಾಣಿಯಂತೆ ಬೆಳ್ಳಗಿನ ಬಟ್ಟಲುಗಳಾದರೆ ಎರಡು ಡಜನ್ ಕೊಳ್ಳುವೆವೆಂದು ಆಕೆಯ ತಂದೆಗೆ ಹೇಳಿದ್ದರಂತೆ. ಸ್ಟೀಲೂ ಪ್ಲಾಸ್ಟಿಕ್ಕೂ ಮನೆಮನೆಗೆ ಬಂದ ತರುವಾಯ, ಬೇಸಗೆಯ ಹೂಜಿ ಮತ್ತು ದೀಪಾವಳಿಯ ಹಣತೆಗಳಿಗೆ ಹೊರತು ಆ ಮನೆಯ ತಿಗರಿ ತಿರುಗುವುದೇ ಅಪರೂಪವಾಗಿತ್ತು. ಆದಕಾರಣ ಎರಡು ಡಜನ್ ಎಂಬುದು ಅವರ ಪಾಲಿಗೆ ಸಣ್ಣ ಮಾತಾಗಿರಲಿಲ್ಲ.

ಬಿಳಿಯ ಮೆರುಗೆಂದು ಹೆಸರು ಬರೆದಿದ್ದ ಪುಡಿಯನ್ನು ತರಿಸಿ, ನೀರಿನಲ್ಲಿ ಕಲಸಿ, ಒಮ್ಮೆ ಸುಟ್ಟಿದ್ದ ಬಟ್ಟಲುಗಳನ್ನು ಅದರಲ್ಲಿ ಅದ್ದಿ, ೧೦೫೦ ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿದೆವು. ಮರುದಿನ ಕುಲುಮೆಯ ಬಾಗಿಲು ತೆರೆದಾಗ ಕಂಡದ್ದು ಹಾಲಿನ ಬಿಳುಪಲ್ಲ. ನೀರು ಹೆಚ್ಚಾದ ಮಜ್ಜಿಗೆಯ ಬಣ್ಣ. ತಳದಲ್ಲಿ ಅಷ್ಟಿಷ್ಟು ಬೆಳ್ಳಗೆ, ಅಂಚಿನಲ್ಲಿ ಕೆಂಪು ಮಣ್ಣು ಹಾಗೆಯೇ ಇಣಿಕಿ ನೋಡುತ್ತಿತ್ತು. ಬಾಲಿಕೆಯು ಬಟ್ಟಲನ್ನು ಕಿಟಕಿಯ ಬಳಿಗೆ ಒಯ್ದು ನೋಡಿ, “ಬಿಳುಪೆಲ್ಲಾ ಎಲ್ಲಿ ಹೋಯಿತು, ಅಮ್ಮಾ?” ಎಂದು ಕೇಳಿದಳು. ನಾವು ತರಬೇತಿ ಪಡೆದು ಇಪ್ಪತ್ತು ವರ್ಷ ವಿಜ್ಞಾನ ಬೋಧಿಸಿದವರು. ಆದರೂ, ವಿಚಾರಿಸಿ ಹೇಳುವೆವೆಂದು ತಪ್ಪಿಸಿಕೊಳ್ಳಬೇಕಾಯಿತು.

ಮೊದಲು ಮೆರುಗೆಂದರೇನೆಂಬುದನ್ನು ಹೇಳಬೇಕು. ನಮ್ಮ ಮನೆಗಳ ಉಪ್ಪಿನಕಾಯಿ ಜಾಡಿಯ ಮೈಮೇಲಿನ ನುಣುಪು ಬಣ್ಣವಲ್ಲ, ಎಣ್ಣೆಯಲ್ಲ; ಅದು ಗಾಜು. ಬೆಣಚುಕಲ್ಲಿನ ಪುಡಿಯೇ ಈ ಗಾಜಿನ ಮುಖ್ಯ ಪದಾರ್ಥ. ಅದೊಂದೇ ಕರಗಬೇಕಾದರೆ ೧೭೦೦ ಡಿಗ್ರಿಗೂ ಮೇಲ್ಪಟ್ಟ ಕಾವು ಬೇಕು. ಅಷ್ಟರಲ್ಲಿ ಪಾತ್ರೆಯೇ ಉಳಿಯದು. ಆದುದರಿಂದ ಫೆಲ್ಡ್‌ಸ್ಪಾರ್ ಎಂಬ ಕಲ್ಲು, ಸೀಮೆಸುಣ್ಣ, ಸತುವಿನ ಭಸ್ಮ, ಬಿಳಿಗಾರ ಮುಂತಾದ ದ್ರಾವಕಗಳನ್ನು ಸೇರಿಸಿ ಕಡಿಮೆ ಕಾವಿನಲ್ಲಿಯೇ ಕರಗುವಂತೆ ಮಾಡುತ್ತಾರೆ. ಕರಗಿದ್ದು ಇಳಿದು ಹರಿಯದಂತೆ ಹಿಡಿದು ನಿಲ್ಲಿಸಲು ಸ್ವಲ್ಪ ಬಿಳಿ ಜೇಡಿಯನ್ನು ಬೆರೆಸುತ್ತಾರೆ. ಬಿಳಿಗಾರವು ನೀರಿನಲ್ಲಿ ಕರಗಿಹೋಗುವ ವಸ್ತುವಾದುದರಿಂದ ಅದನ್ನು ಮೊದಲೇ ಬೆಣಚಿನೊಡನೆ ಕರಗಿಸಿ ಗಾಜು ಮಾಡಿ, ಅರೆದು ಪುಡಿ ಮಾಡಿರುತ್ತಾರೆ. ಈ ಪುಡಿಗೆ ಫ್ರಿಟ್ ಎಂದು ಹೆಸರು. ನಾವು ಉಪಯೋಗಿಸುವುದು ಸೀಸವಿಲ್ಲದ ಫ್ರಿಟ್ ೮೫ ಪಾಲು, ಬಿಳಿ ಜೇಡಿ ೧೫ ಪಾಲು. ಸರಿಯಾಗಿ ಕರಗಿದರೆ ಇದು ಕಿಟಕಿಯ ಗಾಜಿನಂತೆ ತಿಳಿಯಾಗಿ ಒಳಗಿನ ಮಣ್ಣನ್ನು ಇದ್ದ ಹಾಗೆಯೇ ತೋರಿಸುತ್ತದೆ.

ಮೆರುಗು ಹಚ್ಚಿದ ಪಿಂಗಾಣಿಯ ಬೆಲೆಯನ್ನು ನಮ್ಮ ಜಿಲ್ಲೆಯು ಬಹು ಮುಂಚೆಯೇ ಕಂಡಿದೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ತನ್ನು ತೆಗೆದು, ೧೯೦೨ರಲ್ಲಿ, ಸುಮಾರು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಸಾಗಿಸಿದರಷ್ಟೆ. ಇಂಥ ತಂತಿಯನ್ನು ಕಂಬದಿಂದ ಬೇರ್ಪಡಿಸುವ ಪಿಂಗಾಣಿಯ ಬುರುಡೆಗಳಿಗೆ ಮೆರುಗು ಶೃಂಗಾರವಲ್ಲ. ತೇವವೂ ಧೂಳೂ ಅಂಟದಂತೆ ಕಾಯುವ ಕವಚ. ಮುಂದೆ ೧೯೩೦ರ ದಶಕದಲ್ಲಿ ಮೈಸೂರು ಸರ್ಕಾರವು ಬೆಂಗಳೂರಿನಲ್ಲಿ ಪಿಂಗಾಣಿ ಕಾರ್ಖಾನೆಯನ್ನೇ ನಡೆಸಿತು. ಶಿವನಸಮುದ್ರಕ್ಕೆ ವಿಹಾರ ಹೋದ ನಮ್ಮ ಹುಡುಗಿಯರು ಜಲಪಾತವನ್ನು ನೋಡಿದ ಮೇಲೆ ಕಂಬಗಳ ಬುರುಡೆಗಳನ್ನೂ ತಲೆಯೆತ್ತಿ ನೋಡುವಂತಾದದ್ದು ಈ ಪಾಠದ ಒಂದು ಲಾಭ.

ಇನ್ನು ಬಾಲಿಕೆಯ ಪ್ರಶ್ನೆಗೆ ಬರೋಣ. ತಿಳಿಯಾದ ಗಾಜು ಬೆಳ್ಳಗಾಗುವುದು ಹೇಗೆ? ಉತ್ತರವು ಅಡಿಗೆಮನೆಯಲ್ಲಿಯೇ ಇದೆ. ಹರಳುಪ್ಪು ಅರೆ ತಿಳಿ. ಅದನ್ನೇ ಕುಟ್ಟಿ ಪುಡಿ ಮಾಡಿದರೆ ಬೆಳ್ಳಗೆ. ಅಂಟುವಾಳದ ನೀರು ತಿಳಿ. ಅದರ ನೊರೆ ಬೆಳ್ಳಗೆ. ಉಪ್ಪಿಗಾಗಲಿ ನೊರೆಗಾಗಲಿ ಯಾರೂ ಬಿಳಿಯ ಬಣ್ಣ ಹಾಕಿಲ್ಲ. ಬೆಳಕು ಒಂದು ಪದಾರ್ಥದಿಂದ ಮತ್ತೊಂದಕ್ಕೆ ದಾಟುವಾಗ ಬಾಗುತ್ತದೆ, ಸ್ವಲ್ಪ ಹಿಂದಿರುಗುತ್ತದೆ. ಇಂಥ ಗಡಿಗಳು ಸಾವಿರಾರು ಇದ್ದಲ್ಲಿ ಬೆಳಕು ಒಳಗೆ ಇಳಿಯಲಾರದೆ ಚೆದರಿ ನಮ್ಮ ಕಣ್ಣಿಗೇ ಮರಳುತ್ತದೆ. ಅದನ್ನೇ ನಾವು ಬಿಳುಪೆನ್ನುತ್ತೇವೆ. ಹಾಲು ಬೆಳ್ಳಗಿರುವುದೂ ನೀರಿನಲ್ಲಿ ತೇಲುವ ಬೆಣ್ಣೆಯ ಹನಿಗಳಿಂದಲೂ ಸಾರದ ಕಣಗಳಿಂದಲೂ.

ಬೋಂಡ ಕಟ್ಟಿಕೊಟ್ಟ ಕಾಗದವನ್ನು ನೆನೆಯಿರಿ. ಎಣ್ಣೆ ಹೀರಿದ ಜಾಗದಲ್ಲಿ ಕಾಗದವು ತಿಳಿಯಾಗಿ, ಹಿಂದಿನ ಅಕ್ಷರಗಳು ಕಾಣುತ್ತವೆ. ಒಣ ಕಾಗದದ ನಾರುಗಳ ನಡುವೆ ಗಾಳಿಯಿತ್ತು. ಬೆಳಕನ್ನು ಬಾಗಿಸುವ ಶಕ್ತಿಯಲ್ಲಿ ನಾರಿಗೂ ಗಾಳಿಗೂ ಬಹಳ ಅಂತರ. ಎಣ್ಣೆಗೂ ನಾರಿಗೂ ಅಂತರ ಕಡಿಮೆ. ಗಾಳಿ ಹೋಗಿ ಎಣ್ಣೆ ಬಂದೊಡನೆ ಗಡಿಗಳು ಇದ್ದೂ ಇಲ್ಲದಂತಾದವು. ನಮ್ಮ ಬಟ್ಟಲಿಗೆ ಆದದ್ದೂ ಬಹುಮಟ್ಟಿಗೆ ಇದೇ. ಈ ಶಕ್ತಿಯನ್ನು ಅಳೆಯುವ ಸಂಖ್ಯೆಗೆ ವಕ್ರೀಭವನಾಂಕವೆಂದು ಹೆಸರು. ಮೆರುಗಿನ ಗಾಜಿಗೆ ಅದು ಸುಮಾರು ೧.೫, ಬೆಣಚಿಗೆ ೧.೫೪. ಆದುದರಿಂದ ಬೆಣಚಿನ ಪುಡಿಯನ್ನು ಎಷ್ಟು ಸುರಿದರೂ, ಎಣ್ಣೆ ಬಿದ್ದ ಕಾಗದದಂತೆ, ಮರೆ ಸಾಲದು. ಮೆರುಗನ್ನು ಅಪಾರದರ್ಶಕ ಮಾಡಬೇಕಾದರೆ ಗಾಜಿನಿಂದ ಬಹಳ ಬೇರೆಯಾದ ಸಂಖ್ಯೆಯುಳ್ಳ, ಗಾಜಿನಲ್ಲಿ ಕರಗದೆ ಉಳಿಯುವ, ಬಹು ನುಣ್ಣನೆಯ ಕಣಗಳು ಬೇಕು. ತವರದ ಭಸ್ಮಕ್ಕೆ ಈ ಸಂಖ್ಯೆ ಸುಮಾರು ೨, ಜಿರ್ಕಾನಿಗೆ ೧.೯ಕ್ಕೂ ಮೇಲೆ, ಟೈಟೇನಿಯಂ ಭಸ್ಮಕ್ಕೆ ೨.೬ರಷ್ಟು. ಕಣವು ಬೆಳಕಿನ ಅಲೆಯ ಅಳತೆಗೆ ಸಮೀಪದಲ್ಲಿ, ಅಂದರೆ ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಭಾಗದಷ್ಟಿದ್ದರೆ ಮರೆಯು ಅತಿ ಹೆಚ್ಚು. ತರಿತರಿಯಾದ ಪುಡಿ ತೂಕಕ್ಕಷ್ಟೇ ಬರುತ್ತದೆ.

ತವರದ ಭಸ್ಮವೇ ಇವುಗಳಲ್ಲಿ ಹಿರಿಯದು. ಚೀನಾದೇಶದ ಬಿಳಿಯ ಪಾತ್ರೆಗಳನ್ನು ಕಂಡು ಬೆರಗಾದ ಇರಾಕಿನ ಬಸ್ರಾ ಕಡೆಯ ಕುಂಬಾರರು, ತಮ್ಮಲ್ಲಿ ಆ ಬಿಳಿ ಮಣ್ಣಿಲ್ಲದ ಕಾರಣ, ಸುಮಾರು ಒಂಬತ್ತನೆಯ ಶತಮಾನದಲ್ಲಿ ತಮ್ಮ ಮಾಸಲು ಮಣ್ಣಿನ ಮೇಲೆ ತವರದ ಬಿಳಿಯ ಮೆರುಗನ್ನು ಹಚ್ಚಿದರು. ಮಳವಳ್ಳಿಯ ಬಾಲಿಕೆಯ ಕಷ್ಟವೇ ಅವರ ಕಷ್ಟವೂ ಆಗಿತ್ತೆಂಬುದನ್ನು ನೋಡಿರಿ! ಈ ವಿದ್ಯೆಯು ಸ್ಪೇನಿಗೆ, ಇಟಲಿಗೆ, ಕಡೆಗೆ ಹಾಲೆಂಡಿನ ಡೆಲ್ಫ್ಟ್ ಪಟ್ಟಣಕ್ಕೆ ಹಬ್ಬಿತು. ನಮ್ಮ ನಾಡಿನಲ್ಲಿಯೇ ಮೆರುಗಿನ ಕೆಲಸದ ವೈಭವವನ್ನು ನೋಡಬೇಕೆನ್ನುವವರು ಬೀದರಿಗೆ ಹೋಗಬೇಕು. ೧೪೭೨ರಲ್ಲಿ ಮಹಮೂದ್ ಗವಾನನು ಕಟ್ಟಿಸಿದ ಮದರಸೆಯ ಗೋಡೆಯಲ್ಲಿ, ಇರಾನಿನ ಸಂಪ್ರದಾಯದ ನೀಲಿ, ಬಿಳಿ, ಹಳದಿ ಬಿಲ್ಲೆಗಳು ಅಲ್ಲಲ್ಲಿ ಇಂದಿಗೂ ಉಳಿದಿವೆ.

ತವರವನ್ನು ನೂರು ಪಾಲಿಗೆ ೫ರಿಂದ ೧೦ ಪಾಲು ಹಾಕುತ್ತಾರೆ. ಮೊದಲ ಒಂದೆರಡು ಪಾಲು ಗಾಜಿನಲ್ಲಿಯೇ ಕರಗಿ ನಷ್ಟವಾಗುವುದರಿಂದ ಚಿಟಿಕೆಯಷ್ಟು ಹಾಕಿ ಫಲವಿಲ್ಲ. ಅದರ ಬಿಳುಪಿನಲ್ಲಿ ಒಂದು ಮೃದುತ್ವವುಂಟು, ಬೇರಾವುದರಲ್ಲಿಯೂ ಅದನ್ನು ನಾವು ಕಾಣಲಿಲ್ಲ. ಆದರೆ ಬೆಲೆ ವಿಪರೀತ. ಮತ್ತೊಂದು ವಿಚಿತ್ರವೂ ಇದೆ: ಹೆಚ್ಚಿನ ಕಾವಿನಲ್ಲಿ, ಕ್ರೋಮಿಯಮ್ಮಿನ ಹಸಿರು ಹಚ್ಚಿದ ಪಾತ್ರೆಯು ಅದೇ ಕುಲುಮೆಯಲ್ಲಿ ಪಕ್ಕದಲ್ಲಿದ್ದರೆ, ಅದರ ಆವಿ ತಗುಲಿ ತವರದ ಬಿಳುಪು ಗುಲಾಬಿಗೆ ತಿರುಗುತ್ತದೆ. ನೆರೆಮನೆಯ ಸಹವಾಸವು ಪಾತ್ರೆಗಳಿಗೂ ತಪ್ಪಿದ್ದಲ್ಲ.

ಬೆಲೆಯ ಕಾರಣದಿಂದಲೇ ಇಪ್ಪತ್ತನೆಯ ಶತಮಾನದಲ್ಲಿ ಜಿರ್ಕಾನ್ ತವರದ ಸ್ಥಾನಕ್ಕೆ ಬಂದಿತು. ಇದು ಪರದೇಶದ ವಸ್ತುವೇನಲ್ಲ. ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚ್ಚಿಯ ಕಡಲತೀರದ ಕರಿಮರಳಿನಿಂದ ಬೇರ್ಪಡಿಸಿದ ಖನಿಜ. ಅದನ್ನು ಅತಿ ನುಣ್ಣಗೆ ಅರೆದು ಮಾರುತ್ತಾರೆ. ಕರಗುವ ಸ್ವಭಾವ ಇದಕ್ಕೆ ಕಡಿಮೆ. ಕ್ರೋಮಿಯಮ್ಮಿನ ಸಹವಾಸಕ್ಕೂ ಹೆದರುವುದಿಲ್ಲ. ಪಾತ್ರೆಗಿಂತ ಮೆರುಗು ಹೆಚ್ಚು ಕುಗ್ಗಿದಾಗ ಹುಟ್ಟುವ ಬಲೆಬಲೆಯಾದ ಬಿರುಕನ್ನೂ ಇದು ಸ್ವಲ್ಪ ತಡೆಯುತ್ತದೆ. ಟೈಟೇನಿಯಮ್ಮಿನ ವಿಷಯ ಹೆಚ್ಚು ಹೇಳಬೇಕಾಗಿಲ್ಲ: ಮರೆ ಮಾಡುವುದರಲ್ಲಿ ಅದು ಎಲ್ಲಕ್ಕಿಂತ ಬಲಶಾಲಿ. ಆದರೆ ನಮ್ಮ ಕೆಂಪು ಮಣ್ಣಿನ ಕಬ್ಬಿಣದೊಡನೆ ಸೇರಿ ಕೆನೆಹಳದಿಗೆ ತಿರುಗುತ್ತದೆ. ಹಳದಿ ಬೇಕಾದವರಿಗೆ ಅದು ಸೊಗಸು.

ಪರೀಕ್ಷೆಯನ್ನು ಹೀಗೆ ನಡೆಸಿದೆವು. ಅದೇ ಕೆಂಪು ಮಣ್ಣಿನಿಂದ ಹೆಬ್ಬೆರಳಗಲದ ಬಿಲ್ಲೆಗಳನ್ನು ಮಾಡಿ, ಒಮ್ಮೆ ಸುಟ್ಟು, ಪ್ರತಿಯೊಂದರ ನಡುವೆ ಕಬ್ಬಿಣದ ಭಸ್ಮದಿಂದ ಒಂದು ಕಪ್ಪು ಗೆರೆ ಎಳೆದೆವು. ಗೆರೆ ಎಷ್ಟು ಮಟ್ಟಿಗೆ ಮರೆಯಾಯಿತೆಂಬುದೇ ಅಳತೆ. ‘ಬೆಳ್ಳಗಾಯಿತು’, ‘ಆಗಲಿಲ್ಲ’ ಎಂಬ ಹುಡುಗಿಯರ ಜಗಳಕ್ಕೆ ಅವಕಾಶವಿಲ್ಲ. ಒಣಗಿದ ಮೆರುಗಿನ ಪುಡಿಯನ್ನು ನೂರು ನೂರು ಗ್ರಾಂಗಳ ಪಾಲು ಮಾಡಿ, ಒಂದನ್ನು ಹಾಗೆಯೇ ಬಿಟ್ಟು, ಉಳಿದವಕ್ಕೆ ೩, ೬, ೯, ೧೨, ೧೫ ಗ್ರಾಂ ಜಿರ್ಕಾನ್ ಬೆರೆಸಿ, ಸಣ್ಣ ಜರಡಿಯಲ್ಲಿ ಎರಡಾವರ್ತಿ ಸೋಸಿದೆವು. ಜರಡಿ ಹಿಡಿಯದೆ ಸೋಮಾರಿತನ ಮಾಡಿದ ಒಂದು ಪಾಲಿನಲ್ಲಿ ಬಿಳಿಯ ಚುಕ್ಕೆಗಳೆದ್ದವು. ಮೂರರಲ್ಲಿ ಗೆರೆ ಇದ್ದಂತೆಯೇ ಇತ್ತು. ಆರರಲ್ಲಿ ಮಂಜು ಕವಿದಂತಾಯಿತು. ಒಂಬತ್ತರಲ್ಲಿ ಗೊತ್ತಿದ್ದವರಿಗೆ ಮಾತ್ರ ಕಾಣುವಂತಿತ್ತು. ಹನ್ನೆರಡರಲ್ಲಿ ಗೆರೆಯಿಲ್ಲ. ಹದಿನೈದರಲ್ಲಿ ಗೆರೆಯೂ ಇಲ್ಲ, ಮೆರುಗಿನ ನುಣುಪೂ ಇಲ್ಲ.

ಆಸೆಗೆ ಮಿತಿಯೆಲ್ಲಿ? ಹನ್ನೆರಡು ಒಳ್ಳೆಯದಾದರೆ ಇಪ್ಪತ್ತು ಇನ್ನೂ ಒಳ್ಳೆಯದೆಂದು ತಿಳಿದು, ಬಾಲಿಕೆಯ ಎರಡನೆಯ ಸರತಿಯ ಹತ್ತು ಬಟ್ಟಲುಗಳನ್ನು ಇಪ್ಪತ್ತರ ಮೆರುಗಿನಲ್ಲಿ ಅದ್ದಿಸಿದವರು ನಾವೇ. ಜಿರ್ಕಾನ್ ಹೆಚ್ಚಾದರೆ ಕರಗಿದ ಮೆರುಗು ಹರಿಯದೆ ಮುದ್ದೆಯಂತೆ ಬಿಗಿಯುತ್ತದೆ. ಒಳಗಿನ ಗುಳ್ಳೆಗಳು ಹೊರಬಂದ ತೂತು ಮುಚ್ಚಿಕೊಳ್ಳುವುದಿಲ್ಲ. ಹತ್ತು ಬಟ್ಟಲುಗಳ ಮೈಯೆಲ್ಲಾ ಸೂಜಿಮೊನೆಯ ತೂತುಗಳು. ಮೂರರಲ್ಲಿ ಮೆರುಗು ಒಂದೆಡೆ ಗಂಟಾಗಿ ಮತ್ತೊಂದೆಡೆ ಮಣ್ಣು ಬರಿದಾಗಿತ್ತು. ತಾತನ ಒಂದು ವಾರದ ಕೆಲಸ ಹಾಳಾಯಿತು. ಆ ವಾರದ ಕೂಲಿಯನ್ನು ಕೊಡಹೋದಾಗ ಅವರು ಕೈಚಾಚಲಿಲ್ಲ. ಬಟ್ಟಲೊಂದನ್ನು ತಿರುಗಿಸಿ ನೋಡಿ, “ಮಣ್ಣಿಗೆ ಇಷ್ಟು ನಾಚಿಕೆ ಯಾಕಮ್ಮ? ಮೊದಲು ಅದಕ್ಕೆ ತೆಳ್ಳಗೆ ಒಂದು ಬಿಳಿ ಅಂಗಿ ತೊಡಿಸಬಾರದೇ?” ಎಂದರು.

ಆ ವೃದ್ಧರ ಮಾತಿನಲ್ಲಿ ನಮ್ಮ ಪುಸ್ತಕಗಳಿಗಿಂತ ಹೆಚ್ಚು ವಿವೇಕವಿತ್ತು. ಬಿಳುಪನ್ನೆಲ್ಲಾ ಮೆರುಗಿನಿಂದಲೇ ತೆಗೆಯಬೇಕೆಂಬ ನಿಯಮವಿಲ್ಲ. ಇನ್ನೂ ಹಸಿಯಾಗಿ ಬಿಗಿದಿರುವ ಪಾತ್ರೆಯನ್ನು ಬಿಳಿ ಜೇಡಿಯ ತಿಳಿಗಂಜಿಯಲ್ಲಿ ಅದ್ದಿ ಒಣಗಿಸಿ ಸುಟ್ಟರೆ ಕೆಂಪಿನ ಮೇಲೆ ಒಂದು ಬಿಳಿಯ ಪದರ ಕೂರುತ್ತದೆ. ಅದರ ಮೇಲೆ ತಿಳಿ ಮೆರುಗು ಹಚ್ಚಿದರೂ ಪಾತ್ರೆ ಬೆಳ್ಳಗೆ ಕಾಣುತ್ತದೆ. ಜೇಡಿ ಅಗ್ಗ, ಜಿರ್ಕಾನ್ ತುಟ್ಟಿ. ಕೆಂಪು ಮಣ್ಣಿಗಿಂತ ಬಿಳಿ ಜೇಡಿ ಕುಗ್ಗುವುದು ಬೇರೆಯಾದುದರಿಂದ ಮೊದಮೊದಲು ಪದರವು ಅಂಚಿನಲ್ಲಿ ಸಿಪ್ಪೆಯಂತೆ ಕಳಚಿತು. ಜೇಡಿಗೆ ಸ್ವಲ್ಪ ಫ್ರಿಟ್ಟನ್ನೂ ಆ ಕೆರೆಯ ಮಣ್ಣನ್ನೂ ಬೆರೆಸಿದ ಮೇಲೆ ನಿಂತಿತು. ಈಗ ನಾವು ತೆಳುವಾದ ಬಿಳಿ ಪದರ, ಅದರ ಮೇಲೆ ಏಳು ಪಾಲು ಜಿರ್ಕಾನಿನ ಮೆರುಗು, ಇವೆರಡನ್ನೂ ಕೂಡಿಸಿ ಕೆಲಸ ಮಾಡುತ್ತೇವೆ. ಒಂದಕ್ಕೊಂದು ನೆರವಾಗಿ ಗೆರೆ ಮರೆಯಾಗುತ್ತದೆ, ನುಣುಪೂ ಉಳಿಯುತ್ತದೆ.

ಮೊದಲ ಬಟ್ಟಲಿನ ಅಂಚು ಕೆಂಪಾದುದಕ್ಕೆ ಮತ್ತೊಂದು ಕಾರಣವೂ ಇತ್ತು: ಪುಡಿಯನ್ನು ನೀರಾಗಿ ಕಲಸಿದ್ದೆವು. ಮೆರುಗು ಕೆನೆಹಾಲಿನಷ್ಟು ಗಟ್ಟಿಯಿರಬೇಕು. ಅಂಚಿನಲ್ಲಿ ಅದು ಇಳಿದು ತೆಳ್ಳಗಾಗುವುದರಿಂದ ಅಲ್ಲಿಗೆ ಎರಡನೆಯ ಬಾರಿ ಅದ್ದುವುದು ಲೇಸು. ಕಾವು ಮೀರಿದರೂ ಮರೆ ಮಾಡುವ ಕಣಗಳು ಕರಗಿ ಕಡಿಮೆಯಾಗಬಹುದು. ಮೆರುಗು ಅರೆಪಾರದರ್ಶಕವಾಗಿ ಬಂದೊಡನೆ ಪುಡಿಯನ್ನು ದೂರುವ ಮೊದಲು, ಅದ್ದಿದ ದಪ್ಪವನ್ನೂ ಕುಲುಮೆಯ ಕಾವನ್ನೂ ನೋಡಿಕೊಳ್ಳತಕ್ಕದ್ದು.

ಈಗ ನಮಗೆ ಅತ್ಯಂತ ಪ್ರಿಯವಾದ ಪ್ರಯೋಗದ ಮಾತು. ಜಿರ್ಕಾನ್ ಕೇರಳದ ಮರಳು, ತವರ ಎಲ್ಲಿಯದೋ. ಮಂಡ್ಯದ್ದೇ ಆದ ಬಿಳುಪು ಇಲ್ಲವೇ ಎಂದು ಹುಡುಗಿಯರು ಕೇಳಿದರು. ಉಂಟು, ಅದು ಭತ್ತದ ಹೊಟ್ಟಿನಲ್ಲಿದೆ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ತರುವಾಯ ಈ ಸೀಮೆಯಲ್ಲಿ ಭತ್ತಕ್ಕೆ ಕೊರತೆಯಿಲ್ಲವಷ್ಟೆ. ನೂರು ಕಿಲೋ ಭತ್ತದಲ್ಲಿ ಸುಮಾರು ೨೦ ಕಿಲೋ ಹೊಟ್ಟು. ಅದನ್ನು ಸುಟ್ಟರೆ ೪ ಕಿಲೋ ಬೂದಿ. ಆ ಬೂದಿಯಲ್ಲಿ ನೂರಕ್ಕೆ ೮೫ಕ್ಕಿಂತಲೂ ಹೆಚ್ಚು ಪಾಲು, ಬೆಣಚಿನಲ್ಲಿರುವ ಅದೇ ಸಿಲಿಕಾ. ಭತ್ತದ ಪೈರು ಅದನ್ನು ಮಣ್ಣಿನ ನೀರಿನಿಂದ ಹೀರಿ ಹೊಟ್ಟಿನಲ್ಲಿ ಕೂಡಿಡುತ್ತದೆ. ಹೊಟ್ಟು ಕೈಗೆ ಒರಟಾಗಿ ತಾಗುವುದು ಇದರಿಂದಲೇ. ಜಪಾನಿನ ಕರಾತ್ಸು ಮತ್ತು ಹಾಗಿ ಊರುಗಳ ಕುಂಬಾರರು ಭತ್ತದ ಹುಲ್ಲಿನ ಬೂದಿಯಿಂದಲೇ ಹಾಲುಬಿಳುಪಿನ ಮೆರುಗನ್ನು ಮಾಡುತ್ತಾ ಬಂದಿದ್ದಾರೆ. ಫೆಲ್ಡ್‌ಸ್ಪಾರ್, ಸೌದೆಯ ಬೂದಿ, ಭತ್ತದ ಬೂದಿ, ಮೂರೂ ಹೆಚ್ಚುಕಡಿಮೆ ಸಮಪಾಲು.

ಬೆಣಚಿನ ಪುಡಿ ಮರೆ ಮಾಡಲಾರದೆಂದು ಹಿಂದೆ ಹೇಳಿ, ಈಗ ಅದರ ಸೋದರನನ್ನೇ ಹೊಗಳುವುದೇಕೆಂದು ಕೇಳುವಿರಿ. ಇಲ್ಲಿ ಕೆಲಸ ಮಾಡುವುದು ಸಿಲಿಕಾ ಒಂದೇ ಅಲ್ಲ. ಬೂದಿಗಳಲ್ಲಿ ಸ್ವಲ್ಪ ರಂಜಕವಿದೆ. ಸಿಲಿಕಾ ಬಹಳವಾಗಿ, ರಂಜಕವೂ ಕೂಡಿದಾಗ, ಕರಗಿದ ಮೆರುಗು ಒಂದೇ ಗಾಜಾಗಿ ನಿಲ್ಲದೆ ಎರಡು ಬಗೆಯ ಗಾಜಾಗಿ ಒಡೆಯುತ್ತದೆ. ನೀರಿನಲ್ಲಿ ಬೆಣ್ಣೆಯಂತೆ, ಒಂದರೊಳಗೆ ಮತ್ತೊಂದು ಕಾಣದಷ್ಟು ಸಣ್ಣ ಹನಿಗಳಾಗಿ ನಿಲ್ಲುತ್ತದೆ. ಕರಗದೆ ಉಳಿದ ಸಿಲಿಕಾ, ಸಿಕ್ಕಿಕೊಂಡ ಗಾಳಿಗುಳ್ಳೆಗಳು, ಇವೂ ಕೈಗೂಡಿಸುತ್ತವೆ. ಹಾಲಿಗೆ ಹೋಲಿಸಿದ್ದು ಬರಿಯ ಅಲಂಕಾರಕ್ಕಾಗಿ ಅಲ್ಲ.

ಆದರೆ ಇದಕ್ಕೆ ೧೨೫೦ ಡಿಗ್ರಿಗೂ ಮೇಲಿನ ಕಾವು ಬೇಕು. ನಮ್ಮ ಕುಲುಮೆಯಲ್ಲಿ ೧೦೫೦ಕ್ಕೆ ಕಾಯಿಸಿದಾಗ ಬೂದಿಯು ಕರಗದೆ, ಒಣಗಿದ ಸುಣ್ಣದಂತೆ ಬಿಲ್ಲೆಯ ಮೇಲೆ ಕುಳಿತಿತ್ತು. ಕಾವನ್ನು ಏರಿಸೋಣವೆಂದರೆ ನಮ್ಮ ಕೆರೆಯ ಮಣ್ಣು ಅಷ್ಟರಲ್ಲಿ ಉಬ್ಬಿ ಕುಸಿಯುತ್ತದೆ. ಕಡೆಗೆ ಹೆಚ್ಚು ಕಾವು ತಡೆಯುವ ಮಣ್ಣನ್ನು ಕೊಂಡು ಬಿಲ್ಲೆಗಳನ್ನು ಮಾಡಿ, ಬೆಂಗಳೂರಿನಲ್ಲಿ ಪರಿಚಯದವರೊಬ್ಬರ ಅನಿಲದ ಕುಲುಮೆಯಲ್ಲಿ ಸುಡಿಸಿದೆವು. ಎಂಟರಲ್ಲಿ ಐದು ಕೆಟ್ಟವು. ಮೂರು ಬೆಳ್ಳಗೆ, ದಪ್ಪವಾಗಿ ನಿಂತ ಕಡೆ ನೀಲಿಯ ಛಾಯೆಯಿಂದ, ಮುಂಜಾನೆಯ ಮಂಜಿನಂತೆ ಬಂದವು. ಅವುಗಳ ಸೌದೆಯ ಬೂದಿ ಶಾಲೆಯ ಬಿಸಿನೀರಿನ ಒಲೆಯದು.

ತಾಯಂದಿರು ಕೇಳುವ ಮಾತೊಂದಿದೆ: ಇಂಥ ಬಟ್ಟಲಿನಲ್ಲಿ ಮೊಸರು ಹಾಕಬಹುದೇ? ಮೆರುಗಿನಲ್ಲಿ ಸೀಸವಿದ್ದರೆ ಕೂಡದು. ಸೀಸದ ಮೆರುಗು ಕಡಿಮೆ ಕಾವಿನಲ್ಲಿ ಸೊಗಸಾಗಿ ಕರಗುವುದರಿಂದ ಬಹು ಕಾಲ ಬಳಕೆಯಲ್ಲಿತ್ತು. ಆದರೆ ಹುಳಿ ತಗುಲಿದಾಗ ಸೀಸವು ಆಹಾರಕ್ಕೆ ಇಳಿದು ಮಕ್ಕಳ ಬುದ್ಧಿಬೆಳವಣಿಗೆಗೇ ಕೇಡು ಮಾಡುತ್ತದೆ. ನಮ್ಮ ಕೊಠಡಿಯೊಳಗೆ ಅದಕ್ಕೆ ಪ್ರವೇಶವಿಲ್ಲ. ಸಂತೆಯಲ್ಲಿ ಹೊಳೆಯುವ ಮಣ್ಣಿನ ಪಾತ್ರೆಯನ್ನು ಕೊಳ್ಳುವವರು, ಏನು ಹಚ್ಚಿದ್ದಾರೆಂದು ತಿಳಿಯದಿದ್ದರೆ, ಹುಣಿಸೆ, ನಿಂಬೆ, ಮಜ್ಜಿಗೆಗಳನ್ನು ಅದರಲ್ಲಿಡಬಾರದು. ನಾವು ಪ್ರತಿ ಸರತಿಯ ಒಂದು ಬಟ್ಟಲಿನಲ್ಲಿ ನಿಂಬೆಯ ಹೋಳನ್ನು ರಾತ್ರಿಯೆಲ್ಲಾ ಇಟ್ಟು, ಬೆಳಿಗ್ಗೆ ಮೆರುಗು ಮಾಸಿದೆಯೇ ಎಂದು ನೋಡುತ್ತೇವೆ. ಮಾಸಿದರೆ ಆ ಮೆರುಗು ಹೂಕುಂಡಕ್ಕೆ. ಸೀಸವನ್ನು ಕಂಡುಹಿಡಿಯಲು ಈ ಪರೀಕ್ಷೆ ಸಾಲದು, ಅದಕ್ಕೆ ಪ್ರಯೋಗಶಾಲೆಯೇ ಬೇಕು. ಇನ್ನೊಂದು ಎಚ್ಚರಿಕೆ ಪುಡಿಯದು. ಬೆಣಚು, ಜಿರ್ಕಾನ್, ಹೊಟ್ಟಿನ ಬೂದಿ, ಯಾವುದರ ಧೂಳೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮೂಗುಬಾಯಿಗೆ ಮುಸುಕು ಹಾಕದೆ ಯಾರೂ ಪುಡಿಯನ್ನು ಮುಟ್ಟುವಂತಿಲ್ಲ; ಕೊಠಡಿಯನ್ನು ಗುಡಿಸುವುದಿಲ್ಲ, ಒದ್ದೆ ಬಟ್ಟೆಯಿಂದ ಒರೆಸುತ್ತೇವೆ.

ಕಳೆದ ಬೇಸಗೆಗೆ ಮುಂಚೆ ಎರಡು ಡಜನ್ ಬಟ್ಟಲುಗಳು ಮಂಡ್ಯದ ಅಂಗಡಿಗೆ ಹೋದವು. ಎರಡನ್ನು ಅಂಗಡಿಯವರು ಕುಂದು ಹೇಳಿ ಹಿಂದಿರುಗಿಸಿದರು. ಕುಂದು ನಿಜವಾಗಿಯೂ ಇತ್ತು. ಬಟ್ಟಲಿನ ಪಾದಕ್ಕೆ ಮೆರುಗು ಹಚ್ಚದೆ ಕೆಂಪಾಗಿಯೇ ಬಿಟ್ಟಿದ್ದಾಳೆ ಆ ಬಾಲಿಕೆ. ಮೆರುಗು ಕುಲುಮೆಯ ಹಲಗೆಗೆ ಅಂಟಬಾರದೆಂಬುದು ಒಂದು ಕಾರಣ. ತಾತನಿಗೆ ತಮ್ಮ ಮಣ್ಣು ಕಾಣಬೇಕೆಂಬುದು ಮತ್ತೊಂದು. ಆಕೆಯು ಈಗ ಪಿ.ಯು.ಸಿ.ಯಲ್ಲಿ ರಸಾಯನಶಾಸ್ತ್ರವನ್ನು ಆರಿಸಿಕೊಂಡಿದ್ದಾಳೆ. ಮದ್ದೂರಿನ ಆ ತಂದೆಯವರು ವಾರ್ಷಿಕೋತ್ಸವದ ದಿನ ಗೆರೆಯ ಬಿಲ್ಲೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ, ಒಂಬತ್ತಕ್ಕೂ ಹನ್ನೆರಡಕ್ಕೂ ವ್ಯತ್ಯಾಸವೇನೆಂದು ತಮ್ಮ ಮಗಳನ್ನೇ ಕೇಳಿದರು. ಅವಳು ಹೇಳಿದಳು. ನಾವು ನಡುವೆ ಮಾತಾಡಲಿಲ್ಲ.

ಬಿಲ್ಲೆಗಳೆಲ್ಲವೂ ಸಂಖ್ಯೆ ಸಹಿತ ಕೈಕೆಲಸದ ಕೊಠಡಿಯ ಬೀರುವಿನಲ್ಲಿವೆ, ಬಂದವರು ನೋಡಬಹುದು. ಬರುವ ವರ್ಷ ಹೊಟ್ಟಿನ ಬೂದಿಯ ಪ್ರಯೋಗವನ್ನು ಮುಂದುವರಿಸಬೇಕೆಂದಿದ್ದೇವೆ. ಅಕ್ಕಿಗಿರಣಿಯುಳ್ಳ ಪೋಷಕರು ಒಂದು ಚೀಲ ಬೂದಿಯನ್ನು ಕಳುಹಿಸಿದರೆ ಉಪಕಾರವಾದೀತು. ಬೂದಿಯು ಚೆನ್ನಾಗಿ ಬೆಂದು ಬೆಳ್ಳಗಾಗಿರಬೇಕು. ಕರಿಯದಾದರೆ ಅದರಲ್ಲಿ ಇದ್ದಲು ಉಳಿದಿದೆಯೆಂದು ಅರ್ಥ, ಅದನ್ನು ನಾವು ಮತ್ತೊಮ್ಮೆ ಸುಡಬೇಕಾಗುತ್ತದೆ. ಚೀಲದ ಬಾಯನ್ನು ಬಿಗಿಯಾಗಿ ಕಟ್ಟಿ, ಯಾವ ಊರಿನ ಗಿರಣಿಯದೆಂದು ಚೀಟಿ ಬರೆದು ಕಳುಹಿಸಬೇಕಾಗಿ ಪ್ರಾರ್ಥನೆ.